ನಿರಾಶ್ರಿತರಿಗೆ, ದೂರದ ಹಳ್ಳಿಗಳಿಗೆ ನೆರವಾಗುವ ಬೌದ್ಧ ಸಂಸ್ಥೆಗಳು: ಯಾವುದಕ್ಕೆ ಕೊಡಬೇಕು, ಏನನ್ನು ಕೇಳಿ ಕೊಡಬೇಕು?

ಪ್ರಶ್ನೆ: ನಾನು ಹಾಸನದ ನಿವೃತ್ತ ಶಿಕ್ಷಕ. ತಾಯಿಯವರ ನೆನಪಿಗೆಂದು ಒಂದಿಷ್ಟು ಹಣ ತೆಗೆದಿರಿಸಿದ್ದೇವೆ. ಟಿಬೆಟಿಯನ್ ನಿರಾಶ್ರಿತರ ನೆಲೆಯಾದ ಬೈಲುಕುಪ್ಪೆಗೆ ಹೋಗಿ ಬಂದಾಗಿನಿಂದ ನನ್ನ ಪತ್ನಿ, ನಿರಾಶ್ರಿತರಿಗೂ ಹಿಮಾಲಯದ ದೂರದ ಹಳ್ಳಿಗಳಿಗೂ ನೆರವಾಗುವ ಬೌದ್ಧ ಸಂಸ್ಥೆಗಳಿಗೆ ಅದನ್ನು ಕೊಡೋಣ ಎನ್ನುತ್ತಿದ್ದಾರೆ. ಬಂಧುಗಳಲ್ಲಿ ಕೆಲವರು ‘ಅವರು ಮತಾಂತರ ಮಾಡುತ್ತಾರೆ’ ಎಂದು ಹೆದರಿಸುತ್ತಾರೆ. ಇನ್ನು ಕೆಲವರು ‘ಚಿನ್ನದ ಗುಡಿ ಕಟ್ಟಿಕೊಂಡವರಿಗೆ ನಿಮ್ಮ ದುಡ್ಡೇಕೆ’ ಎಂದು ಕೇಳುತ್ತಾರೆ. ಈ ಸಂಸ್ಥೆಗಳು ನಿಜವಾಗಿ ಏನು ಮಾಡುತ್ತವೆ? ಒಂದು ಮಗುವಿನ ಓದಿನ ಖರ್ಚು ವಹಿಸಿಕೊಳ್ಳುವುದು ಒಳ್ಳೆಯದೇ? ಬಟ್ಟೆಬರೆ ಸಂಗ್ರಹಿಸಿ ಕಳಿಸಬಹುದೇ?

ಉತ್ತರ: ಕೊಡಿ. ನಿಮ್ಮ ಪತ್ನಿಯವರ ಆಲೋಚನೆ ಸರಿಯಾಗಿದೆ. ಆದರೆ ಯಾವುದಕ್ಕೆ ಕೊಡಬೇಕು ಎಂಬುದರಲ್ಲಿ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ಜನ ಗಡಿ ದಾಟಿ ಬರುವ ಮೊದಲ ದಿನಗಳಲ್ಲಿ ಹಣ ತಾನಾಗಿ ಹರಿದು ಬರುತ್ತದೆ. ಇಪ್ಪತ್ತು ವರ್ಷ, ಅರವತ್ತು ವರ್ಷ ಕಳೆದು ಪತ್ರಿಕೆಗಳು ಮರೆತ ಮೇಲೆ, ಆ ಜನ ತಾವೇ ಮುಂದೆ ನಿಂತು ನಡೆಸಿಕೊಂಡು ಹೋಗುವ ಕೆಲಸಗಳಿಗೆ ಹಣ ಹುಟ್ಟುವುದು ಕಷ್ಟ. ದಾದಿಯ ಸಂಬಳ, ಕ್ಷಯರೋಗಿಯ ಊಟ, ಚಳಿಗಾಲದ ಉರುವಲು ಇಂಥವು. ನಿಮ್ಮ ತಾಯಿಯವರ ಹೆಸರಿನ ಹಣ ಅಲ್ಲಿಗೆ ಸೇರಬೇಕೆಂಬುದು ನನ್ನ ಆಸೆ. ಏಕೆಂದು ಹೇಳುತ್ತಾ ಬಂಧುಗಳ ಆಕ್ಷೇಪಗಳನ್ನೂ ಎತ್ತಿಕೊಳ್ಳುತ್ತೇನೆ.

ಬೌದ್ಧರ ದಾನದ ಕಲ್ಪನೆಯಲ್ಲಿ ನೆಲೆ ತಪ್ಪಿದವರಿಗೆ ಬಹಳ ಹಿಂದಿನಿಂದಲೂ ಜಾಗವಿದೆ. ಬುದ್ಧನ ಉಪದೇಶಗಳ ಸಂಗ್ರಹವಾದ ಅಂಗುತ್ತರ ನಿಕಾಯದ ಕಾಲದಾನ ಸುತ್ತದಲ್ಲಿ ಬುದ್ಧ ಹೊತ್ತರಿತು ಕೊಡುವ ಐದು ದಾನಗಳನ್ನು ಎಣಿಸುತ್ತಾನೆ: ಊರಿಗೆ ಬಂದವನಿಗೆ, ಊರು ಬಿಟ್ಟು ಹೊರಟವನಿಗೆ, ಕಾಯಿಲೆ ಬಿದ್ದವನಿಗೆ, ಬರಗಾಲದಲ್ಲಿ, ಮತ್ತು ಹೊಸ ಫಸಲು ಬಂದಾಗ ಶೀಲವಂತರಿಗೆ. ಮೊದಲ ನಾಲ್ಕರಲ್ಲಿ ನಿರಾಶ್ರಿತನ ಬದುಕಿನ ಎಲ್ಲ ಹಂತಗಳೂ ಬಂದುಹೋಗುತ್ತವೆ. ಧಮ್ಮಪದದ ಅಟ್ಠಕಥೆಯಲ್ಲಿ, ಅಂದರೆ ಹಳೆಯ ವ್ಯಾಖ್ಯಾನದಲ್ಲಿ, ಇನ್ನೊಂದು ಪ್ರಸಂಗವಿದೆ. ಆಳವಿ ಎಂಬ ಊರಲ್ಲಿ ಬಡ ರೈತನೊಬ್ಬ ಕಳೆದುಹೋದ ಎತ್ತನ್ನು ಹುಡುಕಿ ಹುಡುಕಿ, ಹಸಿದ ಹೊಟ್ಟೆಯಲ್ಲೇ ಉಪದೇಶ ಕೇಳಲು ಓಡಿ ಬರುತ್ತಾನೆ. ಅವನಿಗಾಗಿ ಕಾದಿದ್ದ ಬುದ್ಧ ಮೊದಲು ಅವನಿಗೆ ಉಣಬಡಿಸಲು ಹೇಳುತ್ತಾನೆ; ಉಂಡು ಸುಧಾರಿಸಿಕೊಂಡ ಮೇಲೆಯೇ ಬೋಧನೆಗೆ ತೊಡಗುತ್ತಾನೆ. ಹಸಿವು ಎಲ್ಲಕ್ಕಿಂತ ದೊಡ್ಡ ರೋಗ ಎಂಬ ಗಾಥೆ ಈ ಪ್ರಸಂಗದ್ದು. ಒಳ್ಳೆಯ ಬೌದ್ಧ ಸೇವಾಸಂಸ್ಥೆಯನ್ನು ಗುರುತಿಸಲು ನನಗೆ ಇದಕ್ಕಿಂತ ಸರಳವಾದ ಅಳತೆಗೋಲು ಸಿಕ್ಕಿಲ್ಲ. ಊಟ ಮೊದಲು, ಮತ್ತು ಆ ಊಟಕ್ಕೆ ಯಾವ ಷರತ್ತೂ ಇರಬಾರದು.

ಮತಾಂತರದ ಮಾತು ಇಲ್ಲಿಗೇ ಬರುತ್ತದೆ. ತೈವಾನಿನ ತ್ಸು ಚಿ ಸಂಸ್ಥೆಯನ್ನು ನೋಡಿ. 1966ರಲ್ಲಿ ಹುವಾಲಿಯೆನ್‌ ಎಂಬಲ್ಲಿ ಚೆಂಗ್ ಯೆನ್ ಎಂಬ ಭಿಕ್ಷುಣಿ ಅದನ್ನು ಆರಂಭಿಸಿದರು. ಮೂವತ್ತು ಮಂದಿ ಗೃಹಿಣಿಯರು ತರಕಾರಿ ಖರ್ಚಿನಲ್ಲಿ ದಿನಕ್ಕಿಷ್ಟು ಚಿಲ್ಲರೆ ಉಳಿಸಿ ಬಿದಿರಿನ ಕೊಳವೆಯಲ್ಲಿ ಹಾಕಿಡುತ್ತಿದ್ದರು, ಬಂಡವಾಳ ಅಷ್ಟೇ. ಇಂದು ಅದು ಜಗತ್ತಿನ ಅತಿ ದೊಡ್ಡ ಬೌದ್ಧ ಪರಿಹಾರ ಸಂಸ್ಥೆಗಳಲ್ಲಿ ಒಂದು. ಸಿರಿಯಾದ ಯುದ್ಧದಿಂದ ಓಡಿಬಂದವರಿಗಾಗಿ 2015ರಲ್ಲಿ ಇಸ್ತಾಂಬುಲ್ಲಿನ ಸುಲ್ತಾನ್‌ಗಾಜಿ ಎಂಬಲ್ಲಿ ಅದು ಎಲ್ ಮೆನಾಹಿಲ್ ಶಾಲೆಯನ್ನು ತೆರೆಯಿತು. ಆಗ ಅಲ್ಲಿ ಪಾಠ ಅರಬ್ಬಿಯಲ್ಲಿ ನಡೆಯುತ್ತಿತ್ತು. ಕಲಿಸುತ್ತಿದ್ದವರು ಸಿರಿಯಾದಿಂದಲೇ ಬಂದ, ಕೆಲಸವಿಲ್ಲದೆ ಕುಳಿತಿದ್ದ ಶಿಕ್ಷಕರು. ಮಕ್ಕಳು ಮುಸ್ಲಿಮರಾಗಿಯೇ ಕಲಿತರು, ಮುಸ್ಲಿಮರಾಗಿಯೇ ಉಳಿದರು. ನನಗೆ ಬಹಳ ಹಿಡಿಸಿದ ಸಂಗತಿ ಬೇರೆ ಇದೆ. ಆ ಮಕ್ಕಳಲ್ಲಿ ಎಷ್ಟೋ ಮಂದಿ ಮನೆಯ ಬಾಡಿಗೆ ಕಟ್ಟಲು ಗಾರ್ಮೆಂಟ್ಸ್‌ಗಳಲ್ಲಿ ದುಡಿಯುತ್ತಿದ್ದರು. ಶಾಲೆ ಕಟ್ಟಿದರೆ ಮಕ್ಕಳು ಬಂದುಬಿಡುವುದಿಲ್ಲ ಎಂದು ಅರಿತು, ಮಗು ತರುತ್ತಿದ್ದ ಕೂಲಿಯ ಬದಲಿಗೆ ಕುಟುಂಬಕ್ಕೆ ತಿಂಗಳ ಸಹಾಯಧನ ಕೊಟ್ಟು ಅವರನ್ನು ತರಗತಿಗೆ ಕರೆತರಲಾಯಿತು. ಮನೆಯ ಲೆಕ್ಕ ಅರಿತವರಿಗೆ ಮಾತ್ರ ಹೊಳೆಯುವ ಉಪಾಯ ಇದು.

ಟಿಬೆಟಿಯನ್ನರ ಸಂಸ್ಥೆಗಳ ವಿಷಯದಲ್ಲಂತೂ ನಿಮ್ಮ ಬಂಧುಗಳ ಭಯಕ್ಕೆ ಆಧಾರವಿಲ್ಲ. ಪರಧರ್ಮೀಯರನ್ನು ಸೆಳೆಯುವುದು ಅವರ ರೂಢಿಯಲ್ಲಿಲ್ಲ. ಹಾಗೆಂದು ಬೌದ್ಧರ ಹೆಸರಿದ್ದದ್ದೆಲ್ಲ ಕರುಣೆಯೇ ಎಂದು ನಾನು ಹೇಳಲಾರೆ. 2017ರ ಆಗಸ್ಟಿನ ನಂತರ ಮ್ಯಾನ್ಮಾರ್‌ನ ಸೈನ್ಯದ ದಾಳಿಗೆ ಏಳು ಲಕ್ಷಕ್ಕೂ ಹೆಚ್ಚು ರೊಹಿಂಗ್ಯಾ ಮುಸ್ಲಿಮರು ಬಾಂಗ್ಲಾದೇಶಕ್ಕೆ ಓಡಿದರು. ಅವರ ಮೇಲಿನ ದ್ವೇಷವನ್ನು ವರ್ಷಗಳ ಕಾಲ ಹಬ್ಬಿಸಿದವರಲ್ಲಿ ಕಾಷಾಯ ತೊಟ್ಟವರೂ ಇದ್ದರು. ಈ ಕ್ಷೇತ್ರದಲ್ಲಿ ದುಡಿಯುವ ಯಾರಿಗೂ ಇದು ಮರೆಯಬಾರದ ನೋವು. ಇದೇ ಹೊತ್ತಿನಲ್ಲಿ ಮಲೇಷ್ಯಾದಲ್ಲಿ ತ್ಸು ಚಿ ಸ್ವಯಂಸೇವಕರು ರೊಹಿಂಗ್ಯಾ ಮಕ್ಕಳಿಗೆ ಕಲಿಕಾ ಕೇಂದ್ರಗಳನ್ನೂ ನಿರಾಶ್ರಿತರಿಗೆ ಉಚಿತ ಚಿಕಿತ್ಸಾಲಯವನ್ನೂ ನಡೆಸುತ್ತಿದ್ದರು. ಢಾಕಾದ ಧರ್ಮರಾಜಿಕ ವಿಹಾರದಲ್ಲಿ ರಂಜಾನ್ ತಿಂಗಳಲ್ಲಿ ಬಡ ಮುಸ್ಲಿಮರಿಗೆ ಭಿಕ್ಷುಗಳು ಇಫ್ತಾರ್ ಹಂಚುತ್ತಾ ಬಂದಿದ್ದಾರೆ. ಆದ್ದರಿಂದ ನೀವು ಯಾವ ಸಂಸ್ಥೆಯನ್ನೇ ಆರಿಸಿ, ‘ನಿಮ್ಮವರಲ್ಲದವರಿಗೆ ಏನು ಮಾಡುತ್ತೀರಿ?’ ಎಂದು ನೇರವಾಗಿ ಕೇಳಿ. ತಡವರಿಸದೆ ಉತ್ತರ ಬರಬೇಕು.

ಇನ್ನು ಚಿನ್ನದ ಗುಡಿ. ಇದಕ್ಕೆ ಉತ್ತರಿಸಬೇಕಾದರೆ ಬೈಲುಕುಪ್ಪೆ ಹೇಗೆ ಆಯಿತು ಎಂಬುದನ್ನು ಹೇಳಲೇಬೇಕು. 1959ರ ಮಾರ್ಚಿನಲ್ಲಿ ದಲೈ ಲಾಮಾ ಲ್ಹಾಸಾ ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆ ಸುಮಾರು 80,000 ಜನ ಬಂದರು. ಗಂಡಸರು ಹೆಂಗಸರೆನ್ನದೆ ಹಿಮಾಲಯದ ರಸ್ತೆ ಕಾಮಗಾರಿಗಳಲ್ಲಿ ಕಲ್ಲು ಒಡೆದರು. ಕೂಲಿ ಡೇರೆಗಳಲ್ಲಿ ಮಕ್ಕಳು ಕಾಯಿಲೆ ಬಿದ್ದು ಸಾಯತೊಡಗಿದಾಗ, 1960ರ ಮೇ 17ರಂದು ಜಮ್ಮುವಿನ ರಸ್ತೆ ಶಿಬಿರಗಳಿಂದ 51 ಮಕ್ಕಳನ್ನು ಧರ್ಮಶಾಲೆಗೆ ತರಲಾಯಿತು. ದಲೈ ಲಾಮಾ ಅವರ ಅಕ್ಕ ತ್ಸೆರಿಂಗ್ ಡೊಲ್ಮಾ ಆ ಮಕ್ಕಳನ್ನು ನೋಡಿಕೊಂಡರು. ಟಿಬೆಟನ್ ಚಿಲ್ಡ್ರನ್ಸ್ ವಿಲೇಜ್ ಹುಟ್ಟಿದ್ದು ಹೀಗೆ. ಭಿಕ್ಷುಗಳ ಕಥೆ ಇನ್ನೂ ಕಠಿಣ. ಬಂಗಾಳದ ಬಕ್ಸಾದಲ್ಲಿ, ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಹಳೆಯ ಸೆರೆಮನೆಯಲ್ಲಿ ಅವರು ಸುಮಾರು ಹತ್ತು ವರ್ಷ ಶಾಸ್ತ್ರಪಾಠ ಮುಂದುವರಿಸಿದರು. ಒಣಹವೆಯ ನಾಡಿನಿಂದ ಬಂದವರಿಗೆ ಆ ತೇವದ ಕಾಡು ಒಗ್ಗಲಿಲ್ಲ. ಎಷ್ಟೋ ಮಂದಿ ಕ್ಷಯಕ್ಕೆ ಬಲಿಯಾದರು. ಉಳಿದವರು 1970ರ ಆಸುಪಾಸಿನಲ್ಲಿ ಬೈಲುಕುಪ್ಪೆಗೂ ಮುಂಡಗೋಡಿಗೂ ಬಂದು ಸೆರಾ, ಡ್ರೆಪುಂಗ್, ಗಾಂಡೆನ್ ಮಠಗಳನ್ನು ಮತ್ತೆ ಕಟ್ಟಿದರು.

ಅದಕ್ಕೂ ಮೊದಲೇ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಸುಮಾರು 3,000 ಎಕರೆ ಕಾಡುಭೂಮಿಯನ್ನು ಬಿಟ್ಟುಕೊಟ್ಟಿತ್ತು. ನಮ್ಮ ಎಸ್. ನಿಜಲಿಂಗಪ್ಪನವರನ್ನು ದಲೈ ಲಾಮಾ ಹಲವು ಬಾರಿ ಕೃತಜ್ಞತೆಯಿಂದ ನೆನೆದಿದ್ದಾರೆ. ಬಂದವರು ಕಾಡು ಕಡಿದು, ಆನೆಗಳ ಕಾಟ ಸಹಿಸಿ, ಕಂಡರಿಯದ ಸೆಕೆಯಲ್ಲಿ ಮುಸುಕಿನ ಜೋಳ ಬೆಳೆದರು. ಕುಟುಂಬಕ್ಕಿಷ್ಟು ಭೂಮಿ, ಮಾರಾಟಕ್ಕೆ ತಮ್ಮದೇ ಸಹಕಾರ ಸಂಘ, ಬೇಸಾಯ ಮುಗಿದ ಚಳಿಗಾಲದಲ್ಲಿ ಊರೂರು ಸುತ್ತಿ ಸ್ವೆಟರ್ ಮಾರಾಟ. ಇವರ ಪುನರ್ವಸತಿಗೆಂದೇ 1968ರಲ್ಲಿ ಮೈರಾಡ ಸಂಸ್ಥೆ ಹುಟ್ಟಿತು. ಅದು ಬೌದ್ಧ ಸಂಸ್ಥೆಯಲ್ಲ. ಟಿಬೆಟಿಯನ್ನರ ಕೆಲಸ ಮುಗಿಸಿಕೊಂಡು ನಮ್ಮ ಬಡ ಹಳ್ಳಿಗಳತ್ತ ತಿರುಗಿದ ಮೈರಾಡ, 1980ರ ದಶಕದಲ್ಲಿ ಸ್ವಸಹಾಯ ಗುಂಪುಗಳ ಮೊದಲ ಪ್ರಯೋಗಗಳನ್ನು ನಡೆಸಿತು. ಇಂದು ನಿಮ್ಮ ಜಿಲ್ಲೆಯಲ್ಲಿ ವಾರಕ್ಕೊಮ್ಮೆ ಸೇರಿ ಉಳಿತಾಯ ಮಾಡುವ ಮಹಿಳೆಯರ ಸಂಘಗಳ ಹಿಂದೆ ಆ ಅನುಭವವೂ ಇದೆ. ನಿರಾಶ್ರಿತರಿಗೆ ಕೊಟ್ಟದ್ದು ನಿರಾಶ್ರಿತರಲ್ಲೇ ನಿಲ್ಲುವುದಿಲ್ಲ ಎಂಬುದಕ್ಕೆ ನಾನು ಎಲ್ಲರಿಗೂ ಕೊಡುವ ಉದಾಹರಣೆ ಇದು.

ನೀವು ಕಂಡ ಸ್ವರ್ಣಮಂದಿರ ನಮ್‌ಡ್ರೋಲಿಂಗ್ ಮಠದ್ದು. ಟಿಬೆಟಿಯನ್ ಗುರು ಪೆನೊರ್ ರಿಂಪೋಚೆ 1963ರಲ್ಲಿ ಬೆರಳೆಣಿಕೆಯ ಭಿಕ್ಷುಗಳೊಡನೆ ಅಲ್ಲಿ ಕೆಲಸ ಆರಂಭಿಸಿದರು. ಆ ದೊಡ್ಡ ಮಂದಿರ ಆದದ್ದು 1999ರಲ್ಲಿ. ಮಠಕ್ಕೆ ಬರುವ ಹಣ ಬಹುಪಾಲು ಭಕ್ತರು ಪೂಜೆಗೆ, ಮೂರ್ತಿಗೆ, ಭಿಕ್ಷುಗಳ ಊಟಕ್ಕೆಂದು ಕೊಟ್ಟದ್ದು. ಅದನ್ನು ಆಸ್ಪತ್ರೆಗೆ ಖರ್ಚು ಮಾಡಲಿಲ್ಲವೇಕೆ ಎಂದು ಕೇಳುವುದು ನ್ಯಾಯವಲ್ಲ. ಕೊಟ್ಟವರ ಉದ್ದೇಶ ಅದಾಗಿರಲಿಲ್ಲ. ಮನೆಮಠ ಕಳೆದುಕೊಂಡವರು ತಮ್ಮ ದೇವರಿಗೆ ಒಂದು ನೆಲೆ ಮಾಡಿಕೊಂಡರೆ ಅದನ್ನು ದುಂದು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಆದರೆ ನಿಮ್ಮ ಉದ್ದೇಶ ಸೇವೆ. ಹಾಗಾಗಿ ಮಂದಿರದ ಹುಂಡಿಗೆ ಹಾಕಬೇಡಿ. ಶಿಬಿರದ ಆಸ್ಪತ್ರೆ, ವೃದ್ಧಾಶ್ರಮ, ಶಾಲೆಗಳಿಗೆ ಬೇರೆ ಆಡಳಿತ, ಬೇರೆ ಲೆಕ್ಕಪುಸ್ತಕಗಳಿರುತ್ತವೆ, ಅಲ್ಲಿಗೆ ಹೋಗಿ.

ಅಲ್ಲಿ ಇಂದಿನ ಅಗತ್ಯಗಳು 1960ರ ಅಗತ್ಯಗಳಲ್ಲ. ಇದನ್ನು ದಾನಿಗಳು ಗಮನಿಸುವುದೇ ಕಡಿಮೆ. 2008ರ ನಂತರ ಟಿಬೆಟ್‌ನಿಂದ ಹೊಸದಾಗಿ ಬರುವವರ ಸಂಖ್ಯೆ ತೀರಾ ಕುಸಿದಿದೆ. ಯುವಕರು ಅಮೆರಿಕ, ಕೆನಡಾ, ಯುರೋಪಿನತ್ತ ಹೊರಟಿದ್ದಾರೆ. ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದಾರೆ. ಮನೆಗಳಲ್ಲಿ ಒಂಟಿ ಮುದುಕರು ಹೆಚ್ಚಾಗುತ್ತಿದ್ದಾರೆ. ಕ್ಷಯ ಮತ್ತು ಹೆಪಟೈಟಿಸ್ ಬಿ ಈ ಸಮುದಾಯವನ್ನು ಇನ್ನೂ ಕಾಡುತ್ತಿವೆ, ಅದರಲ್ಲೂ ಒತ್ತಾಗಿ ವಾಸಿಸುವ ಮಠ ಮತ್ತು ವಸತಿಶಾಲೆಗಳಲ್ಲಿ. ಹೀಗಿರುವಾಗಲೂ ದೂರದ ದಾನಿಗಳು ಕೇಳುವುದು ‘ಒಂದು ಮಗುವಿನ ಫೋಟೊ ಕಳಿಸಿ’ ಎಂದೇ. ಎಂಬತ್ತೈದರ ಅಜ್ಜಿಯ ಮಂಡಿ ನೋವಿನ ಔಷಧಿಗೆ, ರಾತ್ರಿ ಪಾಳಿಯ ದಾದಿಗೆ, ಕ್ಷಯ ತಪಾಸಣೆಗೆ ಮನೆಮನೆಗೆ ಹೋಗುವ ಕಾರ್ಯಕರ್ತೆಗೆ ಕೊಡುವವರು ವಿರಳ.

ಆದ್ದರಿಂದ ಮಗುವಿನ ಓದಿನ ಖರ್ಚು ವಹಿಸುವ ವಿಚಾರದಲ್ಲಿ ನನ್ನ ಸಲಹೆ ಹೀಗಿದೆ. ಒಂದು ಮಗುವನ್ನು ಒಬ್ಬ ದಾನಿಗೆ ಗಂಟು ಹಾಕುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಒಂದೇ ಕೋಣೆಯಲ್ಲಿ ಮಲಗುವ ಇಬ್ಬರಲ್ಲಿ ಒಬ್ಬಳಿಗೆ ಉಡುಗೊರೆ ಬರುತ್ತದೆ, ಇನ್ನೊಬ್ಬಳಿಗೆ ಬರುವುದಿಲ್ಲ. ಮಗು ಕಂಡಿರದವರಿಗೆ ವರ್ಷಕ್ಕೆರಡು ಬಾರಿ ಕೃತಜ್ಞತೆಯ ಪತ್ರ ಬರೆಯಬೇಕು. ದಾನಿ ಕೈಬಿಟ್ಟರೆ ಅದು ತನ್ನದೇ ತಪ್ಪೆಂದು ಆ ಮಗು ಭಾವಿಸುವುದೂ ಉಂಟು. ಬದಲಿಗೆ ಶಾಲೆಯ ಒಟ್ಟು ನಿಧಿಗೆ ಕೊಡಿ, ಶಿಕ್ಷಕರ ಸಂಬಳಕ್ಕೋ ಹಾಸ್ಟೆಲಿನ ಅಡುಗೆಗೋ ಬಳಸಿ ಎಂದು ಬರೆದುಕೊಡಿ. ನೀವು ಶಿಕ್ಷಕರಾಗಿದ್ದವರು, ಒಬ್ಬ ಒಳ್ಳೆಯ ಗಣಿತದ ಮೇಷ್ಟರು ಒಂದು ಊರಿನಲ್ಲಿ ಹತ್ತು ವರ್ಷ ನಿಂತರೆ ಏನಾಗುತ್ತದೆ ಎಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ.

ದೂರದ ಹಳ್ಳಿಗಳ ವಿಚಾರಕ್ಕೆ ಬಂದರೆ, ಬೆಂಗಳೂರಿನಿಂದಲೇ ಹೊರಟ ಒಂದು ಎಳೆ ಇದೆ. ಗಾಂಧಿನಗರದ ಮಹಾಬೋಧಿ ಸೊಸೈಟಿಯನ್ನು 1956ರಲ್ಲಿ ಆಚಾರ್ಯ ಬುದ್ಧರಕ್ಖಿತರು ಸ್ಥಾಪಿಸಿದರು. ಅಲ್ಲಿ ಕಲಿತ ಲಡಾಖಿನ ಭಿಕ್ಷು ಸಂಘಸೇನ 1986ರಲ್ಲಿ ಲೇಹ್‌ನಲ್ಲಿ ಮಹಾಬೋಧಿ ಕೇಂದ್ರವನ್ನು ಆರಂಭಿಸಿದರು. ಧ್ಯಾನಕೇಂದ್ರವಾಗಿ ಶುರುವಾದದ್ದು ದೂರದ ಹಳ್ಳಿಗಳ ಮಕ್ಕಳಿಗೆ ವಸತಿಶಾಲೆ, ವೃದ್ಧರಿಗೆ ಆಶ್ರಮ, ಆಸ್ಪತ್ರೆ ಎಂದು ಬೆಳೆಯಿತು. ಇದೇ ಪರಂಪರೆಯವರು ಅರುಣಾಚಲದ ದಿಯುನ್‌ನಲ್ಲಿ ಚಕ್ಮಾ ಎಂಬ ಬೌದ್ಧ ಸಮುದಾಯದ ಮಕ್ಕಳಿಗಾಗಿ ಶಾಲೆ ನಡೆಸುತ್ತಾರೆ. ಚಕ್ಮಾಗಳ ಕಥೆ ನಮ್ಮಲ್ಲಿ ಹೆಚ್ಚು ಜನಕ್ಕೆ ತಿಳಿಯದು. ಆಗಿನ ಪೂರ್ವ ಪಾಕಿಸ್ತಾನದಲ್ಲಿ ಕಪ್ತಾಯಿ ಅಣೆಕಟ್ಟು ಅವರ ಗದ್ದೆಗಳನ್ನು ಮುಳುಗಿಸಿತು. 1964ರಿಂದ ಬಂದವರನ್ನು ಸರ್ಕಾರವೇ ಇಂದಿನ ಅರುಣಾಚಲದಲ್ಲಿ ನೆಲೆಗೊಳಿಸಿತು. ಅವರಿಗೆ ರಕ್ಷಣೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. ಪೌರತ್ವದ ಅರ್ಜಿಗಳನ್ನು ಇತ್ಯರ್ಥ ಮಾಡಿ ಎಂದು 2015ರಲ್ಲಿ ಮತ್ತೆ ಹೇಳಿತು. ಸ್ಥಳೀಯ ಬುಡಕಟ್ಟುಗಳಿಗೆ ತಮ್ಮ ನೆಲದ ಬಗ್ಗೆ ಇರುವ ಆತಂಕವೂ ಸುಳ್ಳಲ್ಲ; ವಿಷಯ ಇಂದಿಗೂ ಇತ್ಯರ್ಥವಾಗಿಲ್ಲ. ಕಾಗದ ಸಿಗದ ಮಗುವಿಗೆ ವಿದ್ಯಾರ್ಥಿವೇತನವಿಲ್ಲ, ಸರ್ಕಾರಿ ಕೆಲಸವಿಲ್ಲ. ಅಂಥ ಕಡೆ ಸೇವಾಸಂಸ್ಥೆಯ ಶಾಲೆಯೇ ಕೈಗೆಟುಕುವ ದಾರಿ.

ಲಡಾಖಿನ ಝಂಸ್ಕಾರ್, ಹಿಮಾಚಲದ ಸ್ಪಿತಿ, ನೇಪಾಳದ ಡೋಲ್ಪೋ ಕಡೆಯ ಕಷ್ಟ ಬೇರೆ ಬಗೆಯದು. ಅಲ್ಲಿನವರು ನಿರಾಶ್ರಿತರಲ್ಲ, ಸ್ವಂತ ನೆಲದಲ್ಲೇ ಇದ್ದಾರೆ. ಹಿಮ ಬಿದ್ದು ಕಣಿವೆಯ ದಾರಿ ಮುಚ್ಚಿದರೆ ತಿಂಗಳುಗಟ್ಟಲೆ ಹೊರಜಗತ್ತಿಲ್ಲ. ಮೊದಲಿನಿಂದಲೂ ಅಲ್ಲಿನ ಕುಟುಂಬಗಳು ಒಂದು ಮಗುವನ್ನು ಗೊಂಪಕ್ಕೆ, ಅಂದರೆ ಮಠಕ್ಕೆ, ಕಳಿಸುತ್ತಿದ್ದವು. ಈಗ ಬೈಲುಕುಪ್ಪೆ, ಮುಂಡಗೋಡಿನ ಮಠಗಳಲ್ಲಿ ಕಲಿಯುವ ಚಿಕ್ಕ ಭಿಕ್ಷುಗಳಲ್ಲಿ ಬಹಳ ಮಂದಿ ಈ ಹಳ್ಳಿಗಳವರೇ. ಊಟ, ವಿದ್ಯೆ ಎರಡೂ ಸಿಗುತ್ತವೆ, ನಿಜ. ಆದರೆ ಏಳು ವರ್ಷದ ಮಗುವನ್ನು ಮೂರು ಸಾವಿರ ಕಿಲೋಮೀಟರ್ ದೂರ ಕಳಿಸಿದ ಹಳ್ಳಿ ಒಳಗಿಂದೊಳಗೆ ಬರಿದಾಗುತ್ತದೆ. ಮರಳಿದ ಮಗುವಿಗೆ ಅಜ್ಜಿಯ ಮಾತು ಅರ್ಥವಾಗುವುದಿಲ್ಲ, ಯಾಕ್ ಮೇಯಿಸಲು ಬರುವುದಿಲ್ಲ. ಹಾಗಾಗಿ ಕಣಿವೆಯ ಒಳಗೇ ಶಾಲೆ, ಹತ್ತಿರದ ಪಟ್ಟಣದಲ್ಲೇ ಹಾಸ್ಟೆಲ್ ನಡೆಸುವವರಿಗೆ ನಾನು ಮೊದಲ ಮಣೆ ಹಾಕುತ್ತೇನೆ. ಭಿಕ್ಷುಣಿಯರ ಕಡೆಗೂ ನೋಡಿ. ಹಿಮಾಲಯದ ಹೆಣ್ಣುಮಕ್ಕಳ ಮಠಗಳಿಗೆ ಮೊದಲಿಂದಲೂ ಕಾಣಿಕೆ ಕಡಿಮೆ, ಓದಿನ ಅವಕಾಶವೂ ಕಡಿಮೆ. ಅಮೆರಿಕದ ಬೌದ್ಧ ಭಿಕ್ಷುಣಿ ಕರ್ಮಾ ಲೆಕ್ಷೆ ತ್ಸೊಮೊ ಆರಂಭಿಸಿದ ಜಮ್ಯಾಂಗ್ ಫೌಂಡೇಶನ್ ಝಂಸ್ಕಾರ್, ಸ್ಪಿತಿಗಳಲ್ಲಿ ಇದಕ್ಕಾಗಿಯೇ ದುಡಿದಿದೆ. ಓದಿದ ಭಿಕ್ಷುಣಿ ಹಳ್ಳಿ ಬಿಟ್ಟು ಹೋಗುವುದು ಅಪರೂಪ. ಅವಳೇ ಅಲ್ಲಿನ ಶಿಕ್ಷಕಿ, ಆರೋಗ್ಯ ಸಹಾಯಕಿ ಆಗಿಬಿಡುತ್ತಾಳೆ. 2015ರ ಏಪ್ರಿಲ್‌ನಲ್ಲಿ ನೇಪಾಳ ನಡುಗಿದಾಗ ಕಠ್ಮಂಡುವಿನ ಡ್ರುಕ್ ಅಮಿತಾಭ ಮಠದ ಭಿಕ್ಷುಣಿಯರು ಸುರಕ್ಷಿತ ಜಾಗಕ್ಕೆ ಹೋಗಲು ಒಪ್ಪದೆ, ವಾಹನ ತಲುಪದ ಹಳ್ಳಿಗಳಿಗೆ ಸಾಮಾನು ಸಾಗಿಸಿದರು. ಬೆಟ್ಟ ಹತ್ತಿ ಅಭ್ಯಾಸವಿದ್ದವರು, ಭಾಷೆ ಬಲ್ಲವರು, ಮತ್ತೆ ಅಲ್ಲೇ ಇರುವವರು.

ಅಲ್ಲೇ ಇರುವುದರ ಬೆಲೆ ಎಷ್ಟೆಂಬುದನ್ನು ಕಾಂಬೋಡಿಯಾದ ಭಿಕ್ಷು ಮಹಾ ಘೋಸಾನಂದರ ಬದುಕು ತೋರಿಸುತ್ತದೆ. ಖ್ಮೇರ್ ರೂಜ್ ಎಂಬ ಕ್ರೂರ ಕಮ್ಯುನಿಸ್ಟ್ ಪಡೆಯ ಆಳ್ವಿಕೆಯಲ್ಲಿ ಅವರ ಕುಟುಂಬವೇ ಅಳಿದುಹೋಯಿತು. ಥೈಲ್ಯಾಂಡಿನ ಕಾಡಿನ ವಿಹಾರದಲ್ಲಿದ್ದ ಅವರೊಬ್ಬರು ಉಳಿದರು. 1970ರ ದಶಕದ ಕೊನೆಯಲ್ಲಿ ಗಡಿಯ ಶಿಬಿರಗಳಿಗೆ ಹೋಗಿ ಬಿದಿರಿನ ಗುಡಿಸಲಲ್ಲಿ ವಿಹಾರ ತೆರೆದರು. ಎಲ್ಲವನ್ನೂ ಕಳೆದುಕೊಂಡವರು ಅಲ್ಲಿ ಬಂದು ಅತ್ತರು. 1992ರಲ್ಲಿ ನಿರಾಶ್ರಿತರು ತಾಯ್ನಾಡಿಗೆ ಮರಳುವ ಕಾಲ ಬಂದಾಗ, ನೆಲಬಾಂಬ್‌ಗಳ ಹೆದರಿಕೆಯ ನಡುವೆ ಅವರ ಜೊತೆ ಗಡಿಯಿಂದ ನೋಮ್ ಪೆನ್‌ವರೆಗೆ ಕಾಲ್ನಡಿಗೆಯಲ್ಲಿ ಹೋದರು. ಬಂದವನಿಗೂ ಹೊರಟವನಿಗೂ ಕೊಡು ಎಂಬ ಮಾತನ್ನು ಒಬ್ಬ ಮನುಷ್ಯ ಪೂರ್ತಿಯಾಗಿ ಪಾಲಿಸಿದ್ದು ಹೀಗೆ.

ಬಟ್ಟೆ ಕಳಿಸಬೇಡಿ. ಹಾಸನದ ಹತ್ತಿ ಬಟ್ಟೆ ಲೇಹ್‌ನ ಚಳಿಗೆ ಉಪಯೋಗವಿಲ್ಲ, ಲಾರಿ ಬಾಡಿಗೆ ಬಟ್ಟೆಯ ಬೆಲೆಯನ್ನು ಮೀರುತ್ತದೆ, ವಿಂಗಡಿಸಲು ಅಲ್ಲಿನವರ ಸಮಯ ಹಾಳು.

ಇನ್ನು ಲೆಕ್ಕಪತ್ರ. ಸಂಸ್ಥೆ ಭಾರತದಲ್ಲಿ ನೋಂದಣಿಯಾದ ಟ್ರಸ್ಟ್ ಅಥವಾ ಸೊಸೈಟಿಯೇ ಎಂದು ಮೊದಲು ನೋಡಿ. ವಿದೇಶದ ಸಂಸ್ಥೆಗೆ ನೇರವಾಗಿ ಕಳಿಸಿದರೆ ನಿಮಗೆ ಇಲ್ಲಿ ತೆರಿಗೆ ವಿನಾಯಿತಿ ಇಲ್ಲ. ಜನ ‘80ಜಿ’ ಎಂದು ಕರೆಯುವ ಮಾನ್ಯತೆ ಇರುವ ಸಂಸ್ಥೆಗೂ 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ವಿನಾಯಿತಿ ಸಿಗುವುದಿಲ್ಲ. ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯಲ್ಲೇ ಕೊಟ್ಟು ರಸೀದಿ ಪಡೆಯಿರಿ. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಈ ಲಾಭವೇ ಇಲ್ಲ. ಅಮೆರಿಕದಲ್ಲಿರುವ ಮಗ ಅಥವಾ ಮಗಳು ಪಾಲು ಸೇರಿಸುವುದಾದರೆ ಅವರು ಯಾವ ದೇಶದ ಪೌರರೆಂದು ನೋಡಬೇಕು. ವಿದೇಶಿ ಪೌರರ ಹಣವಾದರೆ ಸಂಸ್ಥೆಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಇರಬೇಕು, ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಗೊತ್ತುಪಡಿಸಿದ ಖಾತೆಗೇ ಬರಬೇಕು. 2020ರ ತಿದ್ದುಪಡಿಯ ನಂತರ ಹೀಗೆ ಬಂದ ಹಣವನ್ನು ದೊಡ್ಡ ಸಂಸ್ಥೆ ಇನ್ನೊಂದು ಸಂಸ್ಥೆಗೆ ಹಂಚುವಂತಿಲ್ಲ. ನಗರದ ದೊಡ್ಡ ಸಂಸ್ಥೆಗಳ ಕೈ ಹಿಡಿದು ನಡೆಯುತ್ತಿದ್ದ ಗುಡ್ಡಗಾಡಿನ ಚಿಕ್ಕ ಸಂಸ್ಥೆಗಳಿಗೆ ಇದು ದೊಡ್ಡ ಪೆಟ್ಟು. ನಿಮ್ಮಂಥ ಇಲ್ಲಿನವರು ಕೊಡುವ ರೂಪಾಯಿಗೆ ಈ ಕಟ್ಟುಪಾಡುಗಳಿಲ್ಲ, ಅದಕ್ಕೇ ಈಗ ಅದಕ್ಕೆ ಹೆಚ್ಚು ಬೆಲೆ. ಹೆಸರುಗಳ ಗೊಂದಲವೂ ಇದೆ. ಬ್ರಿಟನ್ನಿನ ಬೌದ್ಧರು ನಡೆಸುವ ಕರುಣಾ ಟ್ರಸ್ಟ್ ಬೇರೆ. ನಮ್ಮ ಬಿಳಿಗಿರಿರಂಗನ ಬೆಟ್ಟದ ಕಡೆ ಡಾ. ಎಚ್. ಸುದರ್ಶನ್ ಆರಂಭಿಸಿದ ಕರುಣಾ ಟ್ರಸ್ಟ್ ಬೇರೆ. ಎರಡೂ ಒಳ್ಳೆಯವೇ, ಆದರೆ ಹಣ ಎಲ್ಲಿಗೆ ಹೋಗುತ್ತಿದೆ ಎಂದು ನಿಮಗೆ ಗೊತ್ತಿರಬೇಕು.

ಆಡಿಟ್ ವರದಿ ಕೇಳಿ ಪಡೆಯಿರಿ. ಆಡಳಿತ ಖರ್ಚು ಸೊನ್ನೆ ಎಂದು ಹೇಳಿಕೊಳ್ಳುವವರನ್ನು ನಂಬಬೇಡಿ. ಹಿಮದಲ್ಲಿ ಔಷಧಿ ತಲುಪಿಸುವ ಜೀಪು, ಲೆಕ್ಕ ಬರೆಯುವ ಗುಮಾಸ್ತೆ ಇವೆಲ್ಲ ಖರ್ಚೇ. ಮಕ್ಕಳನ್ನು ಇಟ್ಟುಕೊಂಡಿರುವ ಸಂಸ್ಥೆಯಾದರೆ ಬಾಲನ್ಯಾಯ ಕಾಯ್ದೆಯಡಿ ನೋಂದಣಿ ಬೇಕೇ, ಆಗಿದೆಯೇ, ಮಗುವಿಗೆ ತೊಂದರೆಯಾದರೆ ದೂರು ಯಾರಿಗೆ, ಹೊರಗಿನವರು ಮಕ್ಕಳೊಡನೆ ಒಂಟಿಯಾಗಿರಲು ಬಿಡುತ್ತಾರೆಯೇ ಎಂದು ಕೇಳಲು ಸಂಕೋಚಪಡಬೇಡಿ. ಕಾಷಾಯ ಕಂಡ ಕೂಡಲೇ ಈ ಪ್ರಶ್ನೆಗಳನ್ನು ನುಂಗಿಕೊಳ್ಳುವುದು ಮಕ್ಕಳಿಗೆ ಮಾಡುವ ಅನ್ಯಾಯ. ಆಡಳಿತ ಮಂಡಳಿಯಲ್ಲಿ ಆ ಸಮುದಾಯದವರೇ ಎಷ್ಟು ಮಂದಿ ಇದ್ದಾರೆಂದೂ ಕೇಳಿ. ಒಬ್ಬರೂ ಇಲ್ಲದಿದ್ದರೆ ನಾನಾದರೆ ಮುಂದಕ್ಕೆ ಹೋಗುವುದಿಲ್ಲ.

ಹಣವನ್ನು ಒಂದೇ ಸಲ ಕೊಡುವುದಕ್ಕಿಂತ ಐದು ವರ್ಷಕ್ಕೆ ಹಂಚಿ, ಪ್ರತಿ ವರ್ಷ ಇಂಥ ತಿಂಗಳಲ್ಲಿ ಕೊಡುತ್ತೇವೆಂದು ಮೊದಲೇ ಪತ್ರ ಬರೆದು ತಿಳಿಸಿ. ಬರುವ ವರ್ಷದ ಸಂಬಳಕ್ಕೆ ಭರವಸೆ ಇದ್ದರೆ ಮಾತ್ರ ಅವರು ದಾದಿಯನ್ನೋ ಶಿಕ್ಷಕಿಯನ್ನೋ ನೇಮಿಸಿಕೊಳ್ಳಲು ಸಾಧ್ಯ. ನನ್ನನ್ನು ಕೇಳಿದರೆ ಅರ್ಧ ಭಾಗ ಬೈಲುಕುಪ್ಪೆ ಅಥವಾ ಮುಂಡಗೋಡಿನ ವೃದ್ಧರ ಆರೈಕೆಗೂ ಆಸ್ಪತ್ರೆಗೂ, ಉಳಿದರ್ಧ ಲಡಾಖ್ ಅಥವಾ ಅರುಣಾಚಲದ ಶಾಲೆಯೊಂದರ ಶಿಕ್ಷಕರ ಸಂಬಳಕ್ಕೂ ಇಡಬಹುದು. ಬೈಲುಕುಪ್ಪೆ ನಿಮಗೆ ಹತ್ತಿರ, ಭಾರತೀಯರು ಅಲ್ಲಿಗೆ ಹೋಗಲು ವಿದೇಶಿಯರಂತೆ ವಿಶೇಷ ಪರವಾನಗಿ ಪಡೆಯಬೇಕಿಲ್ಲ. ಮೊದಲೇ ಫೋನ್ ಮಾಡಿ ಶಿಬಿರದ ಕಚೇರಿಗೆ ಹೋಗಿ, ಆಸ್ಪತ್ರೆಯವರೊಡನೆ ಕುಳಿತು ಮಾತನಾಡಿ. ಕನ್ನಡ ಚೆನ್ನಾಗಿ ಬಲ್ಲವರು ಅಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಫೆಬ್ರುವರಿ ಮಾರ್ಚ್ ನಡುವೆ ಬರುವ ಲೋಸಾರ್, ಅಂದರೆ ಅವರ ಹೊಸವರ್ಷದ ದಿನಗಳಲ್ಲಿ ಮಾತ್ರ ಕಚೇರಿಗಳು ಮುಚ್ಚಿರುತ್ತವೆ. ಆ ವಾರ ಬಿಟ್ಟು ಹೋಗಿ.